ನೂರಕ್ಕೆ ಎಂಬತ್ತನಾಲ್ಕು



ಕಳೆದ ತಿಂಗಳು ಒಂದು ಮಧ್ಯಾಹ್ನ ಏಳನೇ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿದ್ದೆ. ದಾವಣಗೆರೆಯಿಂದ ಅಕ್ಕನ ಫೋನ್ ಬಂತು. ಸಲಾಂ ಹೇಳಿ ಮುಗಿಸುವ ಮೊದಲೇ ದೂರು ಶುರುವಾಯಿತು. "ಇನ್ನೂ ಅಂಗಡಿಗೇ ಬಾರದ ಆಟವಂತೆ. ಅದಕ್ಕೆ ಈಗಲೇ ನಾಲ್ಕೂವರೆ ಸಾವಿರ ಕಟ್ಟಬೇಕಂತೆ. ನಿನ್ನ ಮುದ್ದಿನ ಮಗನಿಗೆ ನೀನೇ ಬುದ್ಧಿ ಹೇಳು. ನನ್ನ ಮಾತು ಅವನ ಕಿವಿಗೆ ಬೀಳುವುದಿಲ್ಲ."

ಅಕ್ಕ ಮನೆಯಲ್ಲೇ ಸೀರೆಗಳಿಗೆ ಫಾಲ್ ಹಚ್ಚಿ, ಝಿಗ್‌ಝಾಗ್ ಹಾಕಿ ಕೊಡುತ್ತಾಳೆ. ಸೀರೆಗೆ ನೂರು ರೂಪಾಯಿ. ನಾಲ್ಕೂವರೆ ಸಾವಿರವೆಂದರೆ ನಲವತ್ತೈದು ಸೀರೆ. ಅವಳು ಲೆಕ್ಕ ಹಾಕುವುದು ಹೀಗೆಯೇ. ಮಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ದಮ್ಮಾಮಿನಲ್ಲಿರುವ ಭಾವ ಎರಡು ವರ್ಷಗಳ ಹಿಂದೆ ರಜೆಗೆ ಬಂದಾಗ ಅವನಿಗೊಂದು ಹಳೆಯ ಆಟದ ಯಂತ್ರ ತಂದುಕೊಟ್ಟಿದ್ದರು. ಯಂತ್ರವೇನೋ ಒಮ್ಮೆ ಬಂದಿತು, ಅದರೊಳಗೆ ಆಡುವ ಆಟಗಳಿಗೆ ಮಾತ್ರ ಪ್ರತಿ ಸಲವೂ ಬೇರೆ ದುಡ್ಡು.

ನಾನು ಅವನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ಆ ಆಟ ಚೆನ್ನಾಗಿದೆ ಎಂದು ನಿನಗೆ ಹೇಳಿದವರು ಯಾರು?"

"ಎಲ್ಲರೂ ಹೇಳ್ತಿದ್ದಾರೆ ಖಾಲಾ."

"ಆಡಿ ನೋಡಿದವರು ಯಾರಾದರೂ ಇದ್ದಾರಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ನಂತರ, "ಇನ್ನೂ ಬಂದೇ ಇಲ್ಲವಲ್ಲ" ಎಂದ.

ನನಗೆ ಈ ಆಟಗಳ ಗಂಧಗಾಳಿ ಇಲ್ಲ. ಆದರೆ ಹದೀಸ್ ಪಾಠದಲ್ಲಿ ಮಾತಿಗೂ ಮೊದಲು ಅದು ಯಾರಿಂದ ಯಾರಿಗೆ ಬಂತು, ಹೇಳಿದವನು ಎಂಥವನು ಎಂದು ನೋಡುವುದನ್ನು ಉಸ್ತಾದರು ಕಲಿಸಿದ್ದರು. ಆ ಚಟ ಇನ್ನೂ ಬಿಟ್ಟಿಲ್ಲ. ಹಾಗಾಗಿ ಮೂರು ವಾರ ಬಿಡುವಿದ್ದಾಗಲೆಲ್ಲ ಇದನ್ನೇ ಓದಿದೆ, ಅವನನ್ನೇ ಕೇಳಿದೆ. ವಿಮರ್ಶಕರ ಮಾತಿನಿಂದ ಆಟಗಳು ಮಾರಾಟವಾಗುತ್ತವೆಯೇ? ಆಡಿದವರ ಮಾತಿನಿಂದಲೇ? ಅಥವಾ ಎರಡೂ ಬರುವ ಮೊದಲೇ ನಮ್ಮ ಮಕ್ಕಳ ಕೈಯಿಂದ ದುಡ್ಡು ಹೋಗಿಬಿಟ್ಟಿರುತ್ತದೆಯೇ? ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ಮಗನೋ ತಮ್ಮನೋ ಇರಬಹುದು.

ಮೊದಲು ಒಂದು ಹಳೆಯ ಕತೆ. 1982ರಲ್ಲಿ ಅಮೆರಿಕದಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ 'ಇ.ಟಿ.' ಸಿನಿಮಾ ಜನರನ್ನು ಹುಚ್ಚೆಬ್ಬಿಸಿತ್ತು. ಅಟಾರಿ ಎಂಬ ಕಂಪೆನಿ ದೊಡ್ಡ ಮೊತ್ತ ತೆತ್ತು ಆ ಹೆಸರಿನಲ್ಲಿ ಆಟ ಮಾಡುವ ಹಕ್ಕು ಪಡೆಯಿತು. ಕ್ರಿಸ್ಮಸ್ ವ್ಯಾಪಾರ ಕೈತಪ್ಪಬಾರದೆಂಬ ಅವಸರ. ಹೊವಾರ್ಡ್ ಸ್ಕಾಟ್ ವಾರ್ಷಾ ಎಂಬ ಒಬ್ಬನೇ ಪ್ರೋಗ್ರಾಮರ್ ಐದು ವಾರಗಳಲ್ಲಿ ಆಟವನ್ನು ಬರೆದು ಮುಗಿಸಬೇಕಾಯಿತು. ಕಂಪೆನಿ ಲಕ್ಷಗಟ್ಟಲೆ ಕ್ಯಾಸೆಟ್‌ಗಳನ್ನು ತಯಾರಿಸಿತು. ನಮ್ಮ ಕಡೆ ಆಗ ಅವನ್ನು ಕ್ಯಾಸೆಟ್ ಎಂದೇ ಕರೆಯುತ್ತಿದ್ದೆವು.

ಮೊದಲ ಕೆಲವು ವಾರ ಅದು ಚೆನ್ನಾಗಿಯೇ ಮಾರಾಟವಾಯಿತು. ಪೆಟ್ಟಿಗೆಯ ಮೇಲೆ ಸಿನಿಮಾದ ಚಿತ್ರವಿದ್ದರೆ ಸಾಕಾಗಿತ್ತು. ಆಮೇಲೆ ಮಕ್ಕಳು ಆಡತೊಡಗಿದರು. ಆಟದೊಳಗಿನ ಪುಟ್ಟ ಪ್ರಾಣಿ ಹೆಜ್ಜೆಹೆಜ್ಜೆಗೂ ಹೊಂಡಕ್ಕೆ ಬೀಳುತ್ತಿತ್ತು, ಮೇಲೆ ಬಂದರೆ ಮತ್ತೆ ಬೀಳುತ್ತಿತ್ತು. ಮಕ್ಕಳು ಶಾಲೆಯಲ್ಲಿ ಅದನ್ನು ಮಾತಾಡಿಕೊಂಡರು. ಆಗ ಇಂಟರ್‌ನೆಟ್ ಇರಲಿಲ್ಲ, ನಕ್ಷತ್ರ ಕೊಡುವ ಪದ್ಧತಿಯೂ ಇರಲಿಲ್ಲ. ಆದರೂ ಮಾತು ಊರೂರು ಸುತ್ತಿತು. ಸುಮಾರು 15 ಲಕ್ಷ ಪ್ರತಿಗಳು ಮಾರಾಟವಾದವು, ಅದಕ್ಕಿಂತ ಹೆಚ್ಚು ಉಳಿದುಹೋದವು. 1983ರ ಸೆಪ್ಟೆಂಬರಿನಲ್ಲಿ ಕಂಪೆನಿಯು ಮಾರಾಟವಾಗದ ಸರಕನ್ನು ಲಾರಿಗಳಲ್ಲಿ ತುಂಬಿಸಿ ನ್ಯೂ ಮೆಕ್ಸಿಕೋದ ಅಲಮೊಗಾರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತುಹಾಕಿತು. ಇದು ಕಟ್ಟುಕತೆ ಎಂದು ಅನೇಕರು ಭಾವಿಸಿದ್ದರು. 2014ರ ಏಪ್ರಿಲ್‌ನಲ್ಲಿ ಅಗೆದು ನೋಡಿದಾಗ ಕ್ಯಾಸೆಟ್‌ಗಳು ಸಿಕ್ಕವು. ಒಂದನ್ನು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಕಸವಾದದ್ದಕ್ಕೂ ಒಂದು ಕಾಲ ಬರುತ್ತದೆ ನೋಡಿ!

ಮಕ್ಕಳ ಮಾತು ಅಷ್ಟು ದೊಡ್ಡ ಕಂಪೆನಿಯನ್ನು ನಡುಗಿಸಿದ್ದು ನಿಜ. ಆದರೆ ಆ 15 ಲಕ್ಷ ಕ್ಯಾಸೆಟ್‌ಗಳಿಗೆ ದುಡ್ಡು ಕೊಟ್ಟವರು ಯಾರು? ಮಾತು ಹಬ್ಬುವ ಮೊದಲೇ ಅಂಗಡಿಗೆ ಹೋದ ತಂದೆ ತಾಯಂದಿರು. ಈ ಲೆಕ್ಕವನ್ನು ಸ್ವಲ್ಪ ನೆನಪಿನಲ್ಲಿಡಿ.

ಈಗಿನ ಕಾಲದಲ್ಲಿ ಆಟವೊಂದು ಬಂದರೆ ಪತ್ರಿಕೆಯವರು ಮೊದಲೇ ಆಡಿ ಅಂಕ ಕೊಡುತ್ತಾರೆ. 2001ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ಎಂಬ ಸಂಸ್ಥೆ ಆ ಅಂಕಗಳನ್ನೆಲ್ಲ ಒಟ್ಟುಗೂಡಿಸಿ ನೂರಕ್ಕೆ ಇಷ್ಟು ಎಂದು ಒಂದು ಸಂಖ್ಯೆ ಕೊಡುತ್ತದೆ. ಎಲ್ಲ ಪತ್ರಿಕೆಗಳಿಗೂ ಒಂದೇ ತೂಕವಿಲ್ಲ. ಯಾರಿಗೆ ಎಷ್ಟು ತೂಕ ಎಂಬುದನ್ನು ಅವರು ಹೊರಗೆ ಹೇಳುವುದಿಲ್ಲ. ಟೀಚರಾಗಿ ನನಗೆ ಇದು ಸರಿ ಕಾಣಲಿಲ್ಲ. ಯಾವ ಪ್ರಶ್ನೆಗೆ ಎಷ್ಟು ಅಂಕವೆಂದು ಹೇಳದೆ ನಾನು ಫಲಿತಾಂಶ ಹಚ್ಚಿದರೆ ಪೋಷಕರು ಸುಮ್ಮನೆ ಬಿಡುತ್ತಾರೆಯೇ?

ಆ ಸಂಖ್ಯೆಯಿಂದ ಕೆಲವರ ಸಂಬಳವೂ ನಿರ್ಧಾರವಾಗುತ್ತದೆ. 2010ರಲ್ಲಿ 'ಫಾಲೌಟ್: ನ್ಯೂ ವೇಗಸ್' ಎಂಬ ಆಟವನ್ನು ಅಬ್ಸಿಡಿಯನ್ ಎಂಬ ಸಂಸ್ಥೆ ತಯಾರಿಸಿತು. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ತಯಾರಕರಿಗೆ ಬೋನಸ್ ಎಂದು ಒಪ್ಪಂದವಾಗಿತ್ತು. ಬಂದದ್ದು 84. ಆಟ ಲಕ್ಷಗಟ್ಟಲೆ ಮಾರಾಟವಾಯಿತು, ಬೋನಸ್ ಮಾತ್ರ ಸಿಗಲಿಲ್ಲ. 2012ರಲ್ಲಿ ಆ ಸಂಸ್ಥೆಯ ಕ್ರಿಸ್ ಅವೆಲೋನ್ ಇದನ್ನು ಬಹಿರಂಗಪಡಿಸಿದರು. ಇದನ್ನು ಓದಿದ ರಾತ್ರಿ ನಾನು ತಿದ್ದುತ್ತಿದ್ದ ಪತ್ರಿಕೆಗಳಲ್ಲಿ ಒಂದು ಅಂಕದಲ್ಲಿ ನಿಂತುಹೋದ ಇಬ್ಬರು ಹುಡುಗಿಯರ ಉತ್ತರಗಳನ್ನು ಮತ್ತೊಮ್ಮೆ ಓದಿದೆ. ಒಬ್ಬಳಿಗೆ ನ್ಯಾಯವಾಗಿಯೇ ಒಂದು ಅಂಕ ಸಿಕ್ಕಿತು.

ಅಂಕ ನೋಡಿ ಕೊಳ್ಳುವವರ ಮನಸ್ಸಿನಲ್ಲಿ ಏನಾಗುತ್ತದೆ? 2010ರಲ್ಲಿ ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಮಾರುಕಟ್ಟೆ ಸಂಶೋಧಕರ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಒಂದೇ ಆಟವನ್ನು ಮೂರು ಗುಂಪುಗಳಿಗೆ ಆಡಲು ಕೊಟ್ಟರು. ಒಂದು ಗುಂಪಿಗೆ ಮೊದಲೇ ಒಳ್ಳೆಯ ಅಂಕದ ವಿಮರ್ಶೆ ತೋರಿಸಿದರು, ಇನ್ನೊಂದಕ್ಕೆ ಕಡಿಮೆ ಅಂಕದ್ದು, ಮೂರನೆಯದಕ್ಕೆ ಏನೂ ಇಲ್ಲ. ಆಡಿದ ಮೇಲೆ ನೀವೇ ಅಂಕ ಕೊಡಿ ಎಂದರು. ಹೆಚ್ಚು ಅಂಕ ನೋಡಿದವರು ತಾವೂ ಹೆಚ್ಚು ಕೊಟ್ಟರು, ಕಡಿಮೆ ನೋಡಿದವರು ಕಡಿಮೆ ಕೊಟ್ಟರು. ಕೊನೆಗೆ ಈ ಆಟ ಬೇಕೋ ಹತ್ತು ಡಾಲರ್ ನಗದು ಬೇಕೋ ಎಂದು ಕೇಳಿದಾಗಲೂ ಒಳ್ಳೆಯ ವಿಮರ್ಶೆ ಓದಿದವರೇ ಹೆಚ್ಚಾಗಿ ಆಟವನ್ನು ಆರಿಸಿಕೊಂಡರು.

ಮದುವೆ ಮನೆಯಲ್ಲಿ "ಈ ಬಾವರ್ಚಿ ಬೆಂಗಳೂರಿನಿಂದ ಬಂದವನು" ಎಂದು ಯಾರೋ ಹೇಳಿದ ಮೇಲೆ ಬಿರಿಯಾನಿ ಇದ್ದಕ್ಕಿದ್ದಂತೆ ರುಚಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗಾಗಿ ನನಗೆ ಆಶ್ಚರ್ಯವಾಗಲಿಲ್ಲ.

ವಿಮರ್ಶಕರೆಲ್ಲ ಪ್ರಾಮಾಣಿಕರೇ ಎಂದು ನೀವು ಕೇಳಬಹುದು. ಬಹುಪಾಲು ಇರಬಹುದು. ಆದರೆ ಅವರ ಪತ್ರಿಕೆ ನಡೆಯುವುದು ಆಟದ ಕಂಪೆನಿಗಳ ಜಾಹೀರಾತಿನಿಂದ. 2007ರಲ್ಲಿ ಗೇಮ್‌ಸ್ಪಾಟ್ ಎಂಬ ಪತ್ರಿಕೆಯಲ್ಲಿದ್ದ ಜೆಫ್ ಗರ್ಸ್ಟ್‌ಮನ್ 'ಕೇನ್ ಅಂಡ್ ಲಿಂಚ್' ಆಟಕ್ಕೆ ಹತ್ತಕ್ಕೆ ಆರು ಅಂಕ ಕೊಟ್ಟರು. ಅದೇ ಹೊತ್ತಿಗೆ ಆ ಪತ್ರಿಕೆಯ ತುಂಬ ಅದೇ ಆಟದ ಜಾಹೀರಾತು ಇತ್ತು. ಸ್ವಲ್ಪ ದಿನಗಳಲ್ಲೇ ಅವರ ಕೆಲಸ ಹೋಯಿತು. ಜಾಹೀರಾತುದಾರರ ಒತ್ತಡವೇ ಕಾರಣವೆಂದು 2012ರಲ್ಲಿ ಅವರೇ ಹೇಳಿದರು.

ಈಗ ನನ್ನ ಅಕ್ಕನ ನಾಲ್ಕೂವರೆ ಸಾವಿರಕ್ಕೆ ನೇರವಾಗಿ ಸಂಬಂಧಪಟ್ಟ ಕತೆಗೆ ಬರುತ್ತೇನೆ.

ಪೋಲೆಂಡಿನಲ್ಲಿ ಸಿಡಿ ಪ್ರಾಜೆಕ್ಟ್ ಎಂಬ ಕಂಪೆನಿಯಿದೆ. 2015ರಲ್ಲಿ ಅದರ 'ವಿಚರ್ 3' ಆಟಕ್ಕೆ ವಿಮರ್ಶಕರೂ ಆಡಿದವರೂ ಒಂದೇ ದನಿಯಲ್ಲಿ ಶಹಭಾಸ್ ಅಂದಿದ್ದರು. ಅದೇ ಕಂಪೆನಿ 2012ರಲ್ಲೇ 'ಸೈಬರ್‌ಪಂಕ್ 2077' ಎಂಬ ಆಟ ಮಾಡುತ್ತೇವೆಂದು ಸಾರಿತ್ತು. ಎಂಟು ವರ್ಷ ಕಾಯಿಸಿತು. 2020ರಲ್ಲಿ ಮೂರು ಸಲ ದಿನಾಂಕ ಮುಂದೂಡಿ ಡಿಸೆಂಬರ್ 10ಕ್ಕೆ ಬಿಡುಗಡೆ ಎಂದಿತು. ವಿಮರ್ಶಕರಿಗೆ ಮುಂಚಿತವಾಗಿ ಪ್ರತಿ ಕೊಟ್ಟರು, ಆದರೆ ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ತಾವು ಆಡಿದ್ದನ್ನು ಚಿತ್ರೀಕರಿಸಿ ತೋರಿಸುವಂತಿಲ್ಲ, ಕಂಪೆನಿ ಕೊಟ್ಟ ದೃಶ್ಯಗಳನ್ನೇ ಬಳಸಬೇಕು ಎಂಬ ಷರತ್ತೂ ಇತ್ತು. ಬಲವಾದ ಕಂಪ್ಯೂಟರಿನಲ್ಲಿ ಆಟ ಚೆನ್ನಾಗಿಯೇ ಕಂಡಿತು. ಅಂಕ ನೂರಕ್ಕೆ 90ರ ಆಸುಪಾಸು ಬಂತು.

ಆದರೆ ಬಹಳಷ್ಟು ಮನೆಗಳಲ್ಲಿ ಇದ್ದದ್ದು ಪ್ಲೇಸ್ಟೇಷನ್ 4ರಂಥ ಹಳೆಯ ಯಂತ್ರಗಳು. ನನ್ನ ಅಕ್ಕನ ಮನೆಯಲ್ಲಿರುವುದೂ ಅಂಥದ್ದೇ ಹಳೆಯ ಯಂತ್ರ. ಡಿಸೆಂಬರ್ 10ರಂದು ಅದರಲ್ಲಿ ಆಡಲು ಕುಳಿತವರಿಗೆ ಬೇರೆಯೇ ಆಟ ಕಂಡಿತು. ಮನುಷ್ಯರ ಮುಖಗಳು ಮೂಡುತ್ತಿರಲಿಲ್ಲ, ಆಟ ನಡುವೆಯೇ ನಿಂತುಹೋಗುತ್ತಿತ್ತು. ಆಡಿದವರು ತಾವೇ ಚಿತ್ರೀಕರಿಸಿ ಎಲ್ಲೆಡೆ ಹಂಚಿದರು. ಆ ಯಂತ್ರದ ಮೇಲಿನ ವಿಮರ್ಶೆಗಳು ಬಂದಾಗ ಅಂಕ 60ಕ್ಕಿಂತ ಕೆಳಗಿತ್ತು. ಡಿಸೆಂಬರ್ 18ರಂದು ಸೋನಿ ಕಂಪೆನಿ ತನ್ನ ಅಂಗಡಿಯಿಂದ ಆ ಆಟವನ್ನೇ ತೆಗೆದುಹಾಕಿ, ಕೇಳಿದವರಿಗೆ ಹಣ ವಾಪಸು ಕೊಡುವುದಾಗಿ ಹೇಳಿತು. ಮರಳಿ ಮಾರಾಟಕ್ಕಿಟ್ಟದ್ದು 2021ರ ಜೂನ್‌ನಲ್ಲಿ. ಪೋಲೆಂಡಿನ ಕಂಪೆನಿಯ ಷೇರು ಬೆಲೆ ಕುಸಿಯಿತು, ಅದರ ಸ್ಥಾಪಕರಲ್ಲಿ ಒಬ್ಬರು ಕ್ಯಾಮರಾ ಮುಂದೆ ಬಂದು ಕ್ಷಮೆ ಕೇಳಿದರು.

ಇಷ್ಟನ್ನು ಕೇಳಿದರೆ ಜನಾಭಿಪ್ರಾಯಕ್ಕೆ ಜಯವಾಯಿತು ಎನಿಸುತ್ತದೆ. ಆದರೆ ಮಾರಾಟದ ಲೆಕ್ಕ ನೋಡಿ. ಬಿಡುಗಡೆಗೆ ಮೊದಲೇ ಮುಂಗಡ ಕೊಟ್ಟವರು 80 ಲಕ್ಷ ಮಂದಿ. ಆ ಹಣದಲ್ಲೇ ಆಟ ತಯಾರಿಸಿದ ಖರ್ಚು, ಜಾಹೀರಾತಿನ ಖರ್ಚು ಎಲ್ಲವೂ ಹುಟ್ಟಿತೆಂದು ಕಂಪೆನಿಯೇ ಹೇಳಿತು. ಡಿಸೆಂಬರ್ 20ರ ಹೊತ್ತಿಗೆ, ಮರಳಿಸಿದವನ್ನು ಕಳೆದ ಮೇಲೂ, 1 ಕೋಟಿ 30 ಲಕ್ಷ ಪ್ರತಿಗಳು ಹೋಗಿದ್ದವು. ಆ ಮೊದಲ ಹತ್ತು ದಿನಗಳ ಮಾರಾಟ ವಿಮರ್ಶಕನದ್ದೂ ಅಲ್ಲ, ಅಭಿಮಾನಿಯದ್ದೂ ಅಲ್ಲ, ಎಂಟು ವರ್ಷಗಳ ನಿರೀಕ್ಷೆಯದ್ದು. ಬೈಗುಳ ಕೆಲಸ ಮಾಡಿದ್ದು ಆಮೇಲೆ. ಕಂಪೆನಿ ವರ್ಷಗಟ್ಟಲೆ ಕುಳಿತು ರಿಪೇರಿ ಮಾಡಬೇಕಾಯಿತು. 2023ರ ಸೆಪ್ಟೆಂಬರಿನಲ್ಲಿ ಆಟದ ಬಹುಭಾಗವನ್ನು ತಿದ್ದಿ ಹೊಸ ಆವೃತ್ತಿ ಕೊಟ್ಟರು. ಆಡಿದವರು ಮತ್ತೆ ಹೊಗಳಿದರು. 2024ರ ನವೆಂಬರ್ ವೇಳೆಗೆ ಮಾರಾಟ 3 ಕೋಟಿ ದಾಟಿತು. ಮೂರು ವರ್ಷ ತಡೆದು ಕೊಂಡವರಿಗೆ ಒಳ್ಳೆಯ ಆಟವೂ ಸಿಕ್ಕಿತು, ಬೆಲೆಯೂ ಇಳಿದಿತ್ತು.

ಹುಡುಗನಿಗೆ ಇದನ್ನು ಹೇಳಿದಾಗ ಅವನಿಗೆ ಎಲ್ಲವೂ ಗೊತ್ತಿತ್ತು. "ಅದು ಹಳೇ ಕತೆ ಖಾಲಾ, ಈ ಕಂಪೆನಿ ಹಾಗಲ್ಲ" ಎಂದ. ಪೋಲೆಂಡಿನವರ ಬಗ್ಗೆಯೂ 2020ರಲ್ಲಿ ಜನ ಹೀಗೆಯೇ ಹೇಳುತ್ತಿದ್ದರು ಎಂದು ನೆನಪಿಸಿದೆ.

ಹಾಗಾದರೆ ಆಡಿದವರ ಮಾತನ್ನಾದರೂ ಕಣ್ಣು ಮುಚ್ಚಿ ನಂಬಬಹುದೇ? ಅಲ್ಲಿಯೂ ಸನದು ಕೇಳಬೇಕು. 2020ರ ಜೂನ್ 19ರಂದು 'ದಿ ಲಾಸ್ಟ್ ಆಫ್ ಅಸ್ 2' ಎಂಬ ಆಟ ಬಂತು. ವಿಮರ್ಶಕರ ಸರಾಸರಿ ನೂರಕ್ಕೆ 93. ಅದೇ ದಿನ ಸಾವಿರಾರು ಜನ ಹತ್ತಕ್ಕೆ ಸೊನ್ನೆ ಕೊಟ್ಟರು. ಇಪ್ಪತ್ತು ಗಂಟೆಗೂ ಮೀರಿದ ಆಟವದು. ಬಿಡುಗಡೆಯಾದ ಕೆಲವೇ ತಾಸುಗಳಲ್ಲಿ ಸೊನ್ನೆ ಕೊಟ್ಟವರು ಯಾವಾಗ ಆಡಿದರು? ಕತೆ ಮೊದಲೇ ಸೋರಿಕೆಯಾಗಿತ್ತು, ಅದರ ಪಾತ್ರಗಳ ಮೇಲೆ ಅವರಿಗೆ ಸಿಟ್ಟಿತ್ತು. ಅಂಥ ಸಿಟ್ಟಿನ ಸೊನ್ನೆಗಳಿಂದ ಮಾರಾಟ ನಿಲ್ಲಲಿಲ್ಲ. ಮೂರು ದಿನಗಳಲ್ಲಿ 40 ಲಕ್ಷ ಪ್ರತಿ ಹೋದವು. ಮುಂದಿನ ತಿಂಗಳು ಮೆಟಾಕ್ರಿಟಿಕ್ ನಿಯಮ ಬದಲಿಸಿತು: ಆಟ ಬಂದ ಸುಮಾರು ಒಂದೂವರೆ ದಿನದವರೆಗೆ ಸಾರ್ವಜನಿಕರು ಅಂಕ ಹಾಕುವಂತಿಲ್ಲ. ಸ್ಟೀಮ್ ಎಂಬ ಅಂಗಡಿಯಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯಿದೆ. ಅಲ್ಲಿ ಆಟ ತಮ್ಮ ಖಾತೆಯಲ್ಲಿರುವವರು ಮಾತ್ರ ಅಭಿಪ್ರಾಯ ಬರೆಯಬಹುದು, ಎಷ್ಟು ಗಂಟೆ ಆಡಿದ್ದಾರೆ ಎಂಬುದು ಅವರ ಹೆಸರಿನ ಪಕ್ಕದಲ್ಲೇ ಕಾಣುತ್ತದೆ.

ಅಭಿಮಾನಿಗಳ ಸಿಟ್ಟಿಗೆ ಸರಿಯಾದ ಕಾರಣವಿದ್ದಾಗ ಅದು ಕಂಪೆನಿಯನ್ನು ಬಗ್ಗಿಸಿದ್ದೂ ಉಂಟು. 2017ರ ನವೆಂಬರಿನಲ್ಲಿ ಇಎ ಎಂಬ ಕಂಪೆನಿಯ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2' ಬಂತು. ಪೂರ್ತಿ ಬೆಲೆ ಕೊಟ್ಟು ಕೊಂಡ ಮೇಲೂ ಒಳಗೆ ಮುಚ್ಚಿದ ಪೆಟ್ಟಿಗೆಗಳು. ದುಡ್ಡು ಕೊಟ್ಟೂ ತೆರೆಯಬಹುದು, ಒಳಗೆ ಏನಿದೆಯೆಂದು ತೆರೆಯುವವರೆಗೆ ತಿಳಿಯದು. ಲಾಟರಿ ಎಂದರೆ ಇದೇ ಅಲ್ಲವೇ? ಆಡುವವರು ಎಷ್ಟು ಗದ್ದಲವೆಬ್ಬಿಸಿದರೆಂದರೆ ಬಿಡುಗಡೆಗೆ ಕೆಲವೇ ಗಂಟೆಗಳ ಮೊದಲು ಕಂಪೆನಿ ಆ ಹಣದ ವ್ಯವಹಾರವನ್ನು ನಿಲ್ಲಿಸಿತು. 1 ಕೋಟಿ ಪ್ರತಿ ನಿರೀಕ್ಷಿಸಿದ್ದ ಕಂಪೆನಿಗೆ ವರ್ಷಾಂತ್ಯಕ್ಕೆ 90 ಲಕ್ಷ ಮಾತ್ರ ಮಾರಾಟವಾಯಿತು. 2018ರಲ್ಲಿ ಬೆಲ್ಜಿಯಂ ಸರಕಾರದ ಜೂಜು ನಿಯಂತ್ರಣ ಆಯೋಗವು ಬೇರೆ ಕೆಲವು ಆಟಗಳಲ್ಲಿದ್ದ ಇಂಥ ಪೆಟ್ಟಿಗೆಗಳನ್ನು ಜೂಜು ಎಂದೇ ಘೋಷಿಸಿತು. ಮಕ್ಕಳ ಆಟದಲ್ಲಿ ಜೂಜನ್ನು ಮೊದಲು ಗುರುತಿಸಿ ಕೂಗಿದವರು ಆಡುವ ಹುಡುಗರೇ ಎಂಬುದು ನನಗೆ ಖುಷಿ ಕೊಟ್ಟ ಸಂಗತಿ.

2024ರ ಮೇ ತಿಂಗಳಲ್ಲಿ 'ಹೆಲ್‌ಡೈವರ್ಸ್ 2' ಆಟದ ಕಂಪ್ಯೂಟರ್ ಬಳಕೆದಾರರೆಲ್ಲ ಇನ್ನು ಮುಂದೆ ಸೋನಿಯ ಖಾತೆ ತೆರೆಯಲೇಬೇಕೆಂದು ಆಜ್ಞೆ ಬಂತು. ಎಷ್ಟೋ ದೇಶಗಳಲ್ಲಿ ಅಂಥ ಖಾತೆ ತೆರೆಯುವುದೇ ಸಾಧ್ಯವಿರಲಿಲ್ಲ. ಮೂರು ದಿನಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೆಟ್ಟ ಅಭಿಪ್ರಾಯಗಳು ಬಿದ್ದವು. ಸೋನಿ ಆಜ್ಞೆಯನ್ನು ಹಿಂತೆಗೆದುಕೊಂಡಿತು.

ದೊಡ್ಡ ಹೆಸರಿಲ್ಲದ ಆಟಗಳ ಪಾಡು ಬೇರೆ. ಅವಕ್ಕೆ ಮುಂಗಡ ಕೊಡುವವರಿಲ್ಲ, ಜಾಹೀರಾತಿಗೆ ದುಡ್ಡಿಲ್ಲ. 2018ರ ಜೂನ್‌ನಲ್ಲಿ ಅಮೆರಿಕದ ಒಂದು ಪುಟ್ಟ ತಂಡ 'ಅಮಾಂಗ್ ಅಸ್' ಎಂಬ ಆಟ ಬಿಟ್ಟಿತು. ಎರಡು ವರ್ಷ ಅದನ್ನು ಕೇಳುವವರಿರಲಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಕೆಲವರು ಆಡುತ್ತಾ ನೇರಪ್ರಸಾರ ಮಾಡಿದರು, ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಆ ನವೆಂಬರಿನಲ್ಲಿ ಸುಮಾರು 50 ಕೋಟಿ ಜನ ಆಡಿದ್ದರೆಂದು ಮಾರುಕಟ್ಟೆಯ ಅಂದಾಜು. ನನ್ನ ತರಗತಿಯ ಹುಡುಗಿಯರೂ ಅದರಲ್ಲಿದ್ದರು. ಆನ್‌ಲೈನ್ ಪಾಠದ ನಡುವೆಯೇ ಆಡುತ್ತಿದ್ದರೆಂದು ನನಗೆ ತಿಳಿದದ್ದು ತೀರಾ ತಡವಾಗಿ.

ಮೊನ್ನೆ ರವಿವಾರ ದಾವಣಗೆರೆಗೆ ಹೋಗಿದ್ದೆ. ಊಟವಾದ ಮೇಲೆ ಮೂವರೂ ಕುಳಿತೆವು. ಆಟ ಬಂದು ಹತ್ತು ದಿನ ಕಾಯೋಣ, ಅವನದ್ದೇ ಯಂತ್ರದಲ್ಲಿ, ಕನಿಷ್ಠ ಹತ್ತು ಗಂಟೆ ಆಡಿದವರು ಏನು ಹೇಳುತ್ತಾರೆ ನೋಡೋಣ ಎಂದೆ. ಹುಡುಗ ತಲೆ ತಗ್ಗಿಸಿ ಹೇಳಿದ: "ಖಾಲಾ, ಹತ್ತು ದಿನದಲ್ಲಿ ಕ್ಲಾಸಿನಲ್ಲಿ ಎಲ್ಲರೂ ಆಡಿ ಮುಗಿಸಿರ್ತಾರೆ. ಕೊನೆಗೆ ಯಾರು ಸಾಯ್ತಾರೆ ಅಂತ ನನಗೆ ಹೇಳಿಬಿಡ್ತಾರೆ. ಆಮೇಲೆ ನನಗೇನು ಉಳೀತದೆ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಯುವುದರಲ್ಲಿಯೂ ಒಂದು ನಷ್ಟವಿದೆ ಎಂಬುದು ಆ ಮೂರು ವಾರಗಳ ಓದಿನಲ್ಲಿ ನನಗೆ ಹೊಳೆದಿರಲೇ ಇಲ್ಲ.

ಉತ್ತರ ಕೊಟ್ಟವಳು ಅಕ್ಕ. ಕಪಾಟಿನಿಂದ ಸ್ಟೀಲ್ ಡಬ್ಬಿ ತಂದು, ನಾಲ್ಕೂವರೆ ಸಾವಿರ ಎಣಿಸಿ ಅವನ ಮುಂದೆಯೇ ಅದರಲ್ಲಿಟ್ಟಳು. "ದುಡ್ಡು ನಿನ್ನದು. ಇಲ್ಲೇ ಇರ್ತದೆ. ಹತ್ತು ದಿನ ಆಗದಿದ್ದರೆ ಐದು ದಿನ ಕಾಯಿ. ಒಂದು ಸೀರೆಗೆ ಫಾಲ್ ಹಚ್ಚೋ ಮೊದಲು ನಾನು ನೀರಿಗೆ ಹಾಕಿ ಬಣ್ಣ ಬಿಡ್ತದಾ ನೋಡೋದಿಲ್ವಾ?" ಅವನು ಐದು ದಿನಕ್ಕೆ ಒಪ್ಪಿದ.

ಆಟ ಈ ತಿಂಗಳ ಕೊನೆಗೆ ಬರಲಿದೆಯಂತೆ. ಅಕ್ಕ ಈಗ ಎರಡು ದಿನಕ್ಕೊಮ್ಮೆ ಫೋನ್ ಮಾಡಿ ನನ್ನನ್ನೇ ಕೇಳುತ್ತಿದ್ದಾಳೆ, "ರಿಸಲ್ಟ್ ಬಂತಾ?" ಎಂದು.